ಎಂಆರ್‌ಐ ವರದಿಯ ಆ ಒಂದು ಸಾಲು: ಮಿದುಳಿನ ಸಣ್ಣ ರಕ್ತನಾಳಗಳ ಕಾಯಿಲೆ

ಹಿರಿಯ ನಾಗರಿಕರಿಗಾಗಿಯೂ ಅವರನ್ನು ನೋಡಿಕೊಳ್ಳುವ ಮನೆಯವರಿಗಾಗಿಯೂ ನೀಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ.

ಅರವತ್ತು ದಾಟಿದವರ ಮಿದುಳಿನ ಎಂಆರ್‌ಐ ವರದಿಯನ್ನು ತೆರೆದರೆ, ಆ ಸ್ಕ್ಯಾನನ್ನು ತಲೆನೋವಿಗೆ ಮಾಡಿಸಿರಲಿ, ತಲೆಸುತ್ತಿಗೆ ಮಾಡಿಸಿರಲಿ, ಕೊನೆಯ ಭಾಗದಲ್ಲಿ ‘ಸ್ಮಾಲ್ ವೆಸೆಲ್ ಇಸ್ಕೀಮಿಕ್ ಚೇಂಜಸ್’, ಅಂದರೆ ಸಣ್ಣ ರಕ್ತನಾಳಗಳಲ್ಲಿ ರಕ್ತದ ಕೊರತೆಯಿಂದಾದ ಬದಲಾವಣೆಗಳು, ಎಂಬ ಒಂದು ಸಾಲು ಇರುವುದು ತೀರ ಸಾಮಾನ್ಯ. ಅದನ್ನು ಓದಿದ ಮನೆಯವರಲ್ಲಿ ಕೆಲವರು ಲಕ್ವ ಹೊಡೆದೇ ಬಿಟ್ಟಿತೆಂದು ಗಾಬರಿಯಾಗುತ್ತಾರೆ. ಇನ್ನು ಕೆಲವರು ‘ವಯಸ್ಸಾದವರಿಗೆ ಇದೆಲ್ಲ ಇದ್ದದ್ದೇ’ ಎಂಬ ಮಾತು ಕೇಳಿ ಸಮಾಧಾನಗೊಂಡು ವರದಿಯನ್ನು ಬೀರುವಿನಲ್ಲಿಡುತ್ತಾರೆ. ಈ ಎರಡೂ ಪ್ರತಿಕ್ರಿಯೆಗಳು ಸರಿಯಲ್ಲ ಎಂಬುದು ನರರೋಗ ವಿಭಾಗದಲ್ಲಿ ಕೆಲಸ ಮಾಡುವ ನನ್ನ ದೃಢವಾದ ಅಭಿಪ್ರಾಯ. ಆ ಸಾಲಿನ ಹಿಂದೆ ಏನಿದೆ, ಅದರಿಂದ ದೇಹದಲ್ಲಿಯೂ ನಡವಳಿಕೆಯಲ್ಲಿಯೂ ಏನೇನಾಗುತ್ತದೆ, ಅದರಲ್ಲಿ ಎಷ್ಟನ್ನು ತಡೆಯಬಹುದು ಎಂಬುದನ್ನು ಇಂದು ಸ್ವಲ್ಪ ವಿವರವಾಗಿಯೇ ಹೇಳಬೇಕೆಂದಿದ್ದೇನೆ.

ಮೊದಲು ರಕ್ತದ ದಾರಿಯನ್ನು ನೋಡೋಣ. ಮಿದುಳಿನ ತೂಕ ದೇಹದ ತೂಕದಲ್ಲಿ ಸುಮಾರು ಶೇ. 2ರಷ್ಟು ಮಾತ್ರ. ಆದರೆ ವಿಶ್ರಾಂತಿಯಲ್ಲಿರುವಾಗ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20ರಷ್ಟು ಅದೊಂದಕ್ಕೇ ಬೇಕು. ಅದರಲ್ಲಿ ಆಮ್ಲಜನಕದ ದಾಸ್ತಾನು ಎಂಬುದು ಇಲ್ಲದಿರುವುದರಿಂದ ರಕ್ತ ಪ್ರತಿಕ್ಷಣವೂ ಹರಿಯುತ್ತಲೇ ಇರಬೇಕು. ಕತ್ತಿನ ಮುಂಭಾಗದ ಎರಡು, ಹಿಂಭಾಗದ ಎರಡು ಅಪಧಮನಿಗಳ ಮೂಲಕ ಮೇಲೇರುವ ರಕ್ತ ಮಿದುಳಿನ ಬುಡದಲ್ಲಿ ಒಂದು ಉಂಗುರದಂಥ ಜಾಲವನ್ನು ಸೇರಿ, ಅಲ್ಲಿಂದ ದೊಡ್ಡ ಕವಲುಗಳಲ್ಲಿ ಮೇಲ್ಮೈಯುದ್ದಕ್ಕೂ ಹರಡಿಕೊಳ್ಳುತ್ತದೆ. ಈ ಕವಲುಗಳಿಂದ ಕೂದಲೆಳೆಯಂಥ ನಾಳಗಳು ಒಳಕ್ಕೆ ಇಳಿಯುತ್ತವೆ. ಇವುಗಳಲ್ಲಿ ಹೆಚ್ಚಿನವುಗಳ ವ್ಯಾಸ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಮಿದುಳಿನ ತಳಭಾಗದ ನರಕೇಂದ್ರಗಳು, ಮಿದುಳಿನ ನಡುವಿನ ಥಲಾಮಸ್ ಎಂಬ ಭಾಗ, ಮಿದುಳುಕಾಂಡ ಮತ್ತು ಮೇಲ್ಪದರದ ಅಡಿಯಲ್ಲಿ ಹರಡಿಕೊಂಡಿರುವ ಬಿಳಿ ದ್ರವ್ಯ ಬದುಕುವುದು ಇವುಗಳಿಂದಲೇ.

ಈ ನಾಳಗಳಿಗೆ ಎರಡು ದೌರ್ಬಲ್ಯಗಳಿವೆ. ತಳಭಾಗದಲ್ಲಿ ಇವು ದೊಡ್ಡ ಅಪಧಮನಿಯಿಂದ ನೇರವಾಗಿ ಕವಲೊಡೆಯುವುದರಿಂದ, ಒತ್ತಡವು ಹಂತಹಂತವಾಗಿ ಇಳಿಯಲು ಅವಕಾಶವಿಲ್ಲದೆ, ದೊಡ್ಡ ನಾಳದ ಬಡಿತವನ್ನೆಲ್ಲ ತೆಳ್ಳಗಿನ ಗೋಡೆಗಳೇ ತಾಳಿಕೊಳ್ಳಬೇಕಾಗುತ್ತದೆ. ಎರಡನೆಯದಾಗಿ, ಇವುಗಳಲ್ಲಿ ಹೆಚ್ಚಿನವು ಪಕ್ಕದ ನಾಳಗಳೊಂದಿಗೆ ಕೂಡಿಕೊಳ್ಳದೆ ಒಂಟಿಯಾಗಿಯೇ ಕೊನೆಗೊಳ್ಳುತ್ತವೆ. ಒಂದು ಮುಚ್ಚಿದರೆ ಇನ್ನೊಂದರಿಂದ ರಕ್ತ ಬರುವುದಿಲ್ಲ. ನಾಲೆಯ ಕೊನೆ ಭಾಗದ ರೈತರ ಪಾಡನ್ನು ಬಲ್ಲವರಿಗೆ ಬಿಳಿ ದ್ರವ್ಯದ ಸ್ಥಿತಿಯನ್ನು ಹೆಚ್ಚು ವಿವರಿಸಬೇಕಾಗಿಲ್ಲ: ಮೇಲೆ ಸ್ವಲ್ಪ ಕೊರತೆಯಾದರೂ ಮೊದಲು ಒಣಗುವುದು ಅವರ ಗದ್ದೆಯೇ.

ಬಿಳಿ ದ್ರವ್ಯವೆಂದರೆ ಮಿದುಳಿನ ಒಂದು ಭಾಗವನ್ನು ಇನ್ನೊಂದಕ್ಕೆ ಜೋಡಿಸುವ ನರತಂತುಗಳ ರಾಶಿ. ಯೋಚನೆ ಹುಟ್ಟುವುದು ಮೇಲ್ಪದರದ ಬೂದು ದ್ರವ್ಯದಲ್ಲಿ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಆದರೆ ನೆನಪನ್ನು ಹುಡುಕಿ ತೆಗೆಯುವುದಕ್ಕೆ, ಒಂದು ಕೆಲಸದಿಂದ ಇನ್ನೊಂದಕ್ಕೆ ಗಮನ ಹೊರಳಿಸುವುದಕ್ಕೆ, ಹೆಜ್ಜೆಯೆತ್ತಿ ಇಡುವುದಕ್ಕೆ ಬೇಕಾದ ಸಂದೇಶಗಳೆಲ್ಲ ಈ ತಂತುಗಳ ಮೂಲಕವೇ ಓಡಾಡಬೇಕು. ಈ ಕಾಯಿಲೆಯ ಲಕ್ಷಣಗಳು ಇಷ್ಟು ಬೇರೆಬೇರೆಯಾಗಿ ಕಾಣುವುದು ಇದೇ ಕಾರಣದಿಂದ. ಮುಂದೆ ಈ ಮಾತಿಗೆ ಮತ್ತೆ ಬರುತ್ತೇನೆ.

ಗೋಡೆಯಲ್ಲಿ ನಡೆಯುವುದೇನು? ವರ್ಷಗಟ್ಟಲೆ ಏರಿದ ರಕ್ತದೊತ್ತಡವಿದ್ದಾಗ ನಾಳದ ಗೋಡೆಯ ಸ್ನಾಯುಕೋಶಗಳು ಸಾಯುತ್ತ, ಅವುಗಳ ಜಾಗದಲ್ಲಿ ಗಡುಸಾದ ನಾರಿನಂಶ ತುಂಬಿಕೊಳ್ಳುತ್ತದೆ. ಗೋಡೆ ದಪ್ಪವಾಗಿ ಒಳದಾರಿ ಕಿರಿದಾಗುತ್ತದೆ. ಇದರ ಫಲವಾಗಿ ಒಂದು ಮುಖ್ಯ ಶಕ್ತಿ ಕಳೆದುಹೋಗುತ್ತದೆ. ಆರೋಗ್ಯವಂತರಲ್ಲಿ ಒತ್ತಡ ಇಳಿದಾಗ ಸಣ್ಣ ನಾಳಗಳು ಹಿಗ್ಗಿ, ಏರಿದಾಗ ಕುಗ್ಗಿ, ಮಿದುಳಿಗೆ ಹರಿಯುವ ರಕ್ತವನ್ನು ಒಂದೇ ಮಟ್ಟದಲ್ಲಿಡುತ್ತವೆ. ಗಡುಸಾದ ನಾಳಕ್ಕೆ ಅದು ಸಾಧ್ಯವಿಲ್ಲ. ಇದರ ಜೊತೆಗೆ ನಾಳದ ಒಳಪದರ ಕೆಟ್ಟು, ರಕ್ತದಲ್ಲೇ ಉಳಿಯಬೇಕಾದ ಅಂಶಗಳು ಹೊರಗಿನ ಅಂಗಾಂಶಕ್ಕೆ ಜಿನುಗತೊಡಗುತ್ತವೆ. ರಕ್ತದ ಕೊರತೆಯೊಂದೇ ಈ ಕಾಯಿಲೆಯ ಮೂಲವೆಂದು ಬಹುಕಾಲ ನಂಬಲಾಗಿತ್ತು. ಈ ಜಿನುಗುವಿಕೆಯೂ ಆರಂಭದಿಂದಲೇ ಹಾನಿ ಮಾಡುತ್ತಿರಬಹುದೆಂಬ ವಾದ ಈಚಿನ ವರ್ಷಗಳಲ್ಲಿ ಬಲಗೊಂಡಿದೆ.

ಇದಲ್ಲದೆ ಇನ್ನೊಂದು ಬಗೆಯಿದೆ. ಆಲ್ಜೈಮರ್ ಕಾಯಿಲೆಯಲ್ಲಿ ಮಿದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್ ಎಂಬ ಪ್ರೋಟೀನು ಮೇಲ್ಪದರದ ಸಣ್ಣ ನಾಳಗಳ ಗೋಡೆಯಲ್ಲಿಯೂ ಕೂಡಿಕೊಂಡು, ಅವುಗಳನ್ನು ಬಿರುಕು ಬಿಡುವಷ್ಟು ದುರ್ಬಲಗೊಳಿಸುತ್ತದೆ. ರಕ್ತದೊತ್ತಡದಿಂದಾಗುವ ರಕ್ತಸ್ರಾವ ಹೆಚ್ಚಾಗಿ ಮಿದುಳಿನ ಆಳದಲ್ಲಾದರೆ, ಅಮಿಲಾಯ್ಡ್‌ನಿಂದಾಗುವುದು ಹೊರ ಅಂಚಿನ ಕಡೆಗೆ ಆಗುತ್ತದೆ. ಒಬ್ಬರಲ್ಲೇ ಎರಡೂ ಇರುವುದು ಅಪರೂಪವಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ಇಂಥವರಿಗೆ ಕೊಡುವಾಗ ವೈದ್ಯರು ಎರಡು ಬಾರಿ ಯೋಚಿಸುವುದು ಈ ಕಾರಣಕ್ಕೆ.

ಈ ಕಾಯಿಲೆ ಹೊಸದೇನಲ್ಲ. ಮರಣೋತ್ತರ ಪರೀಕ್ಷೆಯಲ್ಲಿ ಮಿದುಳಿನ ಆಳದ ಸಣ್ಣ ಸಣ್ಣ ಕುಳಿಗಳನ್ನು ಫ್ರಾನ್ಸಿನ ವೈದ್ಯರು 1838ರಿಂದಲೇ ದಾಖಲಿಸುತ್ತ ಬಂದರು. ‘ಲ್ಯಾಕ್ಯೂನ್’ ಎಂಬ ಹೆಸರು ಅವರದೇ. 1894ರಲ್ಲಿ ಒಟ್ಟೊ ಬಿನ್ಸ್‌ವಾಂಗರ್ ಬಿಳಿ ದ್ರವ್ಯ ಸವೆದು ಬುದ್ಧಿಶಕ್ತಿ ಕುಂದಿದವರನ್ನು ವರ್ಣಿಸಿದರು. 1901ರಲ್ಲಿ ಪಿಯರ್ ಮಾರಿ ಇಂಥ ಕುಳಿಗಳು ಹಲವಿದ್ದ ವೃದ್ಧರ ಪುಟ್ಟಪುಟ್ಟ ಹೆಜ್ಜೆಗಳ ನಡಿಗೆಯನ್ನು ಗುರುತಿಸಿದರು. ಆದರೆ ಇಂದಿನ ತಿಳಿವಳಿಕೆಗೆ ಅಡಿಪಾಯ ಹಾಕಿದವರು ಬಾಸ್ಟನ್ನಿನಲ್ಲಿ ಕೆಲಸ ಮಾಡಿದ ಕೆನಡಾದ ನರವೈದ್ಯ ಮಿಲ್ಲರ್ ಫಿಶರ್. ಸತ್ತವರ ಮಿದುಳಿನ ಆಳದ ನಾಳಗಳನ್ನು ಒಂದರ ನಂತರ ಒಂದು ತೆಳು ಪದರವಾಗಿ ಕತ್ತರಿಸಿ, ಕುಳಿಯಿಂದ ಹಿಂದಕ್ಕೆ ಮುಚ್ಚಿಹೋದ ನಾಳದವರೆಗೆ ಸೂಕ್ಷ್ಮದರ್ಶಕದಲ್ಲಿ ದಾರಿ ಹುಡುಕುತ್ತ ಹೋದವರು ಅವರು. ಆ ಕುಳಿಗಳಿಗೂ ರೋಗಿ ಬದುಕಿದ್ದಾಗ ಕಂಡ ಲಕ್ಷಣಗಳಿಗೂ ಇರುವ ಸಂಬಂಧವನ್ನು 1960ರ ದಶಕದಲ್ಲಿ ಅವರು ಬಿಡಿಸಿಟ್ಟ ತಾಳ್ಮೆಯನ್ನು ನೆನೆದರೆ ನನಗೆ ಇಂದಿಗೂ ಗೌರವ ಮೂಡುತ್ತದೆ. ಆಗ ಸಿ.ಟಿ. ಸ್ಕ್ಯಾನ್ ಕೂಡ ಇರಲಿಲ್ಲ.

ಇಂದು ಎಂಆರ್‌ಐ ಇದೆ. ಅದರಲ್ಲಿಯೂ ನಾಳಗಳು ನೇರವಾಗಿ ಕಾಣುವುದಿಲ್ಲ, ಅವು ಅಷ್ಟು ಸಣ್ಣವು. ಕಾಣುವುದು ಅವು ಉಳಿಸಿಹೋದ ಗುರುತುಗಳು. ಬಿಳಿ ದ್ರವ್ಯದಲ್ಲಿ ಹೊಳೆಯುವ ಮಚ್ಚೆಗಳು ಒಂದು ಗುರುತು. ಇವುಗಳನ್ನು ಫಝೆಕಾಸ್ ಎಂಬ ಮಾಪನದಲ್ಲಿ 0ಯಿಂದ 3ರವರೆಗೆ ಅಳೆಯುತ್ತಾರೆ. 1 ಎಂದರೆ ಅಲ್ಲೊಂದು ಇಲ್ಲೊಂದು ಚುಕ್ಕೆ, 3 ಎಂದರೆ ಚುಕ್ಕೆಗಳು ಕೂಡಿಕೊಂಡು ದೊಡ್ಡ ಪ್ರದೇಶವನ್ನೇ ಆವರಿಸಿವೆ ಎಂದರ್ಥ. ಸುಮಾರು 3ರಿಂದ 15 ಮಿಲಿಮೀಟರಿನ, ದ್ರವ ತುಂಬಿದ ಕುಳಿಗಳು ಇನ್ನೊಂದು ಗುರುತು. ಒಂದು ಸಣ್ಣ ನಾಳ ಹಿಂದೆಂದೋ ಮುಚ್ಚಿತ್ತೆಂಬುದಕ್ಕೆ ಇದು ಸಾಕ್ಷಿ. ರಕ್ತದ ಅಂಶವನ್ನು ಹಿಡಿಯುವ ವಿಶೇಷ ಚಿತ್ರಗಳಲ್ಲಿ ಮಾತ್ರ ಕಾಣುವ ಕಪ್ಪು ಚುಕ್ಕೆಗಳು ಸೂಕ್ಷ್ಮ ರಕ್ತಸ್ರಾವದ ಗುರುತುಗಳು. ಇವುಗಳನ್ನೆಲ್ಲ ಯಾವ ಹೆಸರಿನಿಂದ ಕರೆಯಬೇಕು, ಹೇಗೆ ಅಳೆಯಬೇಕು ಎಂಬುದರ ಬಗ್ಗೆ ಜಗತ್ತಿನ ತಜ್ಞರು ಒಮ್ಮತಕ್ಕೆ ಬಂದದ್ದು 2013ರಲ್ಲಿ. ಅದಕ್ಕಿಂತ ಹಿಂದಿನ ವರದಿಗಳಲ್ಲಿ ಒಂದೇ ಮಚ್ಚೆಗೆ ಹತ್ತು ಹೆಸರುಗಳಿರುತ್ತಿದ್ದವು.

ಇಲ್ಲಿ ಧೈರ್ಯದ ಮಾತೊಂದನ್ನು ಹೇಳಲೇಬೇಕು. ಎಪ್ಪತ್ತರ ಆಸುಪಾಸಿನಲ್ಲಿ ಫಝೆಕಾಸ್ 1 ಇರುವುದು ಸಾಮಾನ್ಯ ಸಂಗತಿ. ಅದರಿಂದ ಮರೆವಿನ ಕಾಯಿಲೆ ಬಂದೇ ಬರುತ್ತದೆ ಎಂದು ಯಾರೂ ಹೇಳಲಾರರು. ಅಂಥ ವರದಿಯನ್ನು ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಲು ಬಂದ ಸೂಚನೆಯೆಂದು ಓದಿಕೊಂಡರೆ ಸಾಕು. ಫಝೆಕಾಸ್ 2 ಅಥವಾ 3 ಇದ್ದರೆ, ಅಥವಾ ಐವತ್ತರೊಳಗಿನವರಲ್ಲಿ ಇಂಥ ಮಚ್ಚೆಗಳು ದಟ್ಟವಾಗಿದ್ದರೆ, ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗಬಾರದು.

ಇನ್ನು ಲಕ್ಷಣಗಳು. ಈ ಕಾಯಿಲೆ ಎರಡು ದಾರಿಗಳಲ್ಲಿ ಪ್ರಕಟವಾಗುತ್ತದೆ. ಒಂದು ದಿಢೀರನೆ ಆಗುವ ಪಾರ್ಶ್ವವಾಯು. ರಕ್ತನಾಳ ಮುಚ್ಚುವುದರಿಂದ ಉಂಟಾಗುವ ಪಾರ್ಶ್ವವಾಯುಗಳಲ್ಲಿ ಸುಮಾರು ಕಾಲುಭಾಗ ಸಣ್ಣ ನಾಳಗಳದ್ದು. ಆಳದಲ್ಲಿ ನರತಂತುಗಳು ಒತ್ತೊತ್ತಾಗಿ ಕಟ್ಟಿಕೊಂಡು ಇಳಿಯುವ ಜಾಗದಲ್ಲಿ ಒಂದು ಸೆಂಟಿಮೀಟರಿನಷ್ಟು ಅಂಗಾಂಶ ಸತ್ತರೂ ಮುಖ, ಕೈ, ಕಾಲು ಮೂರೂ ಒಂದೇ ಪಕ್ಕದಲ್ಲಿ ಸೋಲಬಹುದು. ಮಾತು ಅರ್ಥವಾಗುತ್ತದೆ, ಪ್ರಜ್ಞೆ ಇರುತ್ತದೆ, ನೋವೂ ಇರುವುದಿಲ್ಲ. ಕೆಲವರಿಗೆ ಬರೀ ಒಂದು ಪಕ್ಕ ಜೋಮು ಹಿಡಿದಂತಾಗುತ್ತದೆ, ಕೆಲವರಿಗೆ ನಾಲಿಗೆ ತೊದಲಿ, ಅಂಗಿಯ ಗುಂಡಿ ಹಾಕಲು ಬಾರದಷ್ಟು ಒಂದು ಕೈ ಒಡ್ಡಾಗುತ್ತದೆ. ಇನ್ನು ಕೆಲವರಲ್ಲಿ ಬಂದು ಹೋಗಿ ಮಾಡುತ್ತದೆ: ಬೆಳಿಗ್ಗೆ ಹತ್ತು ನಿಮಿಷ ಕೈ ಸೋತು ಸರಿಯಾಗಿ, ಮಧ್ಯಾಹ್ನ ಮತ್ತೆ ಸೋತು ಮತ್ತೆ ಸರಿಯಾಗುತ್ತದೆ. ‘ಸರಿಹೋಯಿತಲ್ಲ, ನಾಳೆ ನೋಡೋಣ’ ಎಂದು ಮನೆಯಲ್ಲೇ ಮಲಗಿಸಿದರೆ ಅದೇ ರಾತ್ರಿ ಕೈ ಶಾಶ್ವತವಾಗಿ ಬಿದ್ದುಹೋಗಬಹುದು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಸಣ್ಣ ನಾಳದ ಪಾರ್ಶ್ವವಾಯುವಿಗೂ ಅದು ಅನ್ವಯಿಸುತ್ತದೆ. ಆದ್ದರಿಂದ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ 108ರಲ್ಲಿ ಒಡನೆಯೇ ಕರೆದೊಯ್ಯಬೇಕು. ಬಾಯಿಗೆ ಏನನ್ನೂ ಹಾಕಬಾರದು. ನುಂಗುವ ಶಕ್ತಿ ಕುಂದಿರುವವರಿಗೆ ಕೊಟ್ಟ ನೀರು, ಮಾತ್ರೆ ಶ್ವಾಸನಾಳಕ್ಕೆ ಹೋಗುತ್ತದೆ.

ಎರಡನೆಯ ದಾರಿ ಸದ್ದಿಲ್ಲದ್ದು. ಹಿರಿಯರಲ್ಲಿ ಸುಮಾರು ಐವರಲ್ಲಿ ಒಬ್ಬರ ಮಿದುಳಿನಲ್ಲಿ, ಅವರಿಗೇ ಗೊತ್ತಿಲ್ಲದಂತೆ ಆಗಿಹೋದ ಸಣ್ಣ ಪಾರ್ಶ್ವವಾಯುವಿನ ಗುರುತು ಸ್ಕ್ಯಾನಿನಲ್ಲಿ ಸಿಗುತ್ತದೆ. ಒಂದೊಂದೇ ಆದಾಗ ಏನೂ ತೋರುವುದಿಲ್ಲ, ಸೇರುತ್ತ ಹೋದಂತೆ ಮನುಷ್ಯ ಬದಲಾಗುತ್ತಾನೆ. ಈ ಬದಲಾವಣೆ ಹೇಗಿರುತ್ತದೆ ಎಂಬುದಕ್ಕೆ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ನಾನು ಕಂಡ ಒಬ್ಬರ ವಿಷಯ ಹೇಳುತ್ತೇನೆ.

ನಿವೃತ್ತ ಮುಖ್ಯೋಪಾಧ್ಯಾಯರು, ವಯಸ್ಸು ಎಪ್ಪತ್ತರ ಮೇಲೆ. ಜೊತೆಗೆ ಬಂದ ಮಗಳ ದೂರು ಮರೆವಿನದಲ್ಲ. ‘ಅಪ್ಪ ಸೋಮಾರಿಯಾಗಿಬಿಟ್ಟಿದ್ದಾರೆ, ಡಾಕ್ಟ್ರೇ. ಪೇಪರ್ ಕೈಗೆ ಕೊಟ್ಟರೆ ಹಿಡಿದುಕೊಂಡು ಕೂತಿರುತ್ತಾರೆ, ಓದಲ್ಲ. ಮಾತಾಡಿಸಿದರೆ ಎಷ್ಟೋ ಹೊತ್ತಿಗೆ ಉತ್ತರ ಕೊಡುತ್ತಾರೆ’ ಎಂದರು. ಮೇಷ್ಟ್ರಿಗೆ ಐದು ಪದಗಳನ್ನು ಹೇಳಿ ಸ್ವಲ್ಪ ಹೊತ್ತು ಬಿಟ್ಟು ಕೇಳಿದೆ. ಎರಡು ಹೇಳಿ ನಿಂತರು. ‘ಅದೊಂದು ಹೂವಿನ ಹೆಸರು’ ಎಂದ ಕೂಡಲೇ ‘ಮಲ್ಲಿಗೆ’ ಎಂದರು, ‘ಅದೊಂದು ಪಾತ್ರೆ’ ಎಂದಾಗ ‘ತಂಬಿಗೆ’ ಎಂದರು. ಪದಗಳು ಒಳಗೆ ಇದ್ದವು, ಹುಡುಕಿ ತೆಗೆಯುವ ದಾರಿ ಮಾತ್ರ ಕೆಟ್ಟಿತ್ತು. ಆಲ್ಜೈಮರ್ ಕಾಯಿಲೆಯ ಆರಂಭದಲ್ಲಿ ಇಂಥ ಸುಳಿವು ಕೊಟ್ಟರೂ ಪದ ಹೊರಬರುವುದು ಕಡಿಮೆ, ಏಕೆಂದರೆ ಅಲ್ಲಿ ಪದ ಒಳಗೆ ನಿಂತೇ ಇರುವುದಿಲ್ಲ. ವಾರಗಳ ಹೆಸರನ್ನು ಶನಿವಾರದಿಂದ ಹಿಂದಕ್ಕೆ ಹೇಳಲು ಕೇಳಿದಾಗ ಒಂದೂ ತಪ್ಪಿಲ್ಲದೆ ಹೇಳಿದರು, ಆದರೆ ಒಂದರಿಂದ ಇನ್ನೊಂದಕ್ಕೆ ಹೋಗಲು ಬಹಳ ಹೊತ್ತು ಬೇಕಾಯಿತು. ಆಮೇಲೆ ನಡೆಯಲು ಹೇಳಿದೆ. ಕಾಲುಗಳನ್ನು ಅಗಲಿಸಿ, ಪಾದವನ್ನು ನೆಲದಿಂದ ಹೆಚ್ಚು ಎತ್ತದೆ, ಗಿಡ್ಡ ಹೆಜ್ಜೆಗಳಲ್ಲಿ ನಡೆದರು. ಕೈಗಳು ಮಾತ್ರ ಸರಾಗವಾಗಿ ಬೀಸುತ್ತಿದ್ದವು. ಗೋಡೆಯ ಹತ್ತಿರ ತಿರುಗುವಾಗ ಇದ್ದಲ್ಲೇ ಹಲವು ಪುಟ್ಟ ಹೆಜ್ಜೆ ಹಾಕಬೇಕಾಯಿತು. ನಾನು ಕೇಳಿದ ಮೇಲೆ, ಮಗಳ ಕಡೆ ನೋಡದೆ, ಮೂತ್ರ ಬಂತೆಂದರೆ ತಡೆಯಲಾಗುವುದಿಲ್ಲ, ಅದಕ್ಕೇ ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟಿದ್ದೇನೆ ಎಂದು ಹೇಳಿಕೊಂಡರು.

ಮಾತಿನ ನಿಧಾನಗತಿಗೆ ಒಬ್ಬ ವೈದ್ಯರು, ಮಂಡಿಯೆಂದು ಭಾವಿಸಿ ನಡಿಗೆಗೆ ಮೂಳೆ ವೈದ್ಯರು, ಮೂತ್ರಕ್ಕೆ ಇನ್ನೊಬ್ಬರು, ಬೇಸರಕ್ಕೆ ಮತ್ತೊಬ್ಬರು ಹೀಗೆ ನಾಲ್ಕು ಕಡೆ ತೋರಿಸಿದ ಚೀಟಿಗಳು ಅವರ ಚೀಲದಲ್ಲಿದ್ದವು. ಈ ನಾಲ್ಕೂ ಒಂದೇ ಕಾಯಿಲೆಯ ಮುಖಗಳಾಗಿರಬಹುದು ಎಂಬುದನ್ನು ಈ ಉಪನ್ಯಾಸದಿಂದ ನೀವು ಮನೆಗೆ ತೆಗೆದುಕೊಂಡು ಹೋದರೆ ನನಗೆ ತೃಪ್ತಿಯಾಗುತ್ತದೆ. ಹಣೆಯ ಹಿಂಭಾಗದ ಮಿದುಳಿನಿಂದ ಹೊರಟು ಆಳದ ನರಕೇಂದ್ರಗಳನ್ನು ಮುಟ್ಟಿ ಹಿಂದಿರುಗುವ ತಂತುಗಳೇ ಯೋಜನೆ, ಉತ್ಸಾಹ, ಹೆಜ್ಜೆಯ ಲಯ, ಮೂತ್ರಕೋಶದ ಹತೋಟಿ ಇವೆಲ್ಲವನ್ನೂ ನಿಭಾಯಿಸುತ್ತವೆ. ಅವು ಸವೆದಾಗ ಎಲ್ಲವೂ ಒಟ್ಟಿಗೆ ಸಡಿಲವಾಗುತ್ತವೆ. ಕೆಲವರಿಗೆ ಕಾರಣವಿಲ್ಲದೆ ಅಳು ಉಕ್ಕುವುದೂ ಇದರ ಭಾಗವೇ. ಆದರೂ ಈ ಲಕ್ಷಣಗಳಿರುವವರೆಲ್ಲರಿಗೂ ಇದೇ ಕಾಯಿಲೆಯೆಂದು ತೀರ್ಮಾನಿಸಬಾರದು. ಥೈರಾಯ್ಡ್ ಕೊರತೆ, ಬಿ12 ಕೊರತೆ, ಮಿದುಳಿನಲ್ಲಿ ನೀರು ತುಂಬಿಕೊಳ್ಳುವ ತೊಂದರೆ, ಪಾರ್ಕಿನ್‌ಸನ್ ಕಾಯಿಲೆ, ಖಿನ್ನತೆ ಇವುಗಳನ್ನೂ ಪರಿಶೀಲಿಸಲೇಬೇಕು. ಇವುಗಳಲ್ಲಿ ಕೆಲವು ಔಷಧಿಯಿಂದ ಗುಣವಾಗುವಂಥವು.

ಸಣ್ಣ ನಾಳಗಳು ಕೆಡುವುದೊಂದರಿಂದಲೇ ಇಷ್ಟೆಲ್ಲ ಆಗಬಲ್ಲುದೇ ಎಂಬ ಸಂಶಯ ವೈದ್ಯರಲ್ಲಿಯೂ ಇತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ‘ಕ್ಯಾಡಸಿಲ್’ ಎಂಬ ಅಪರೂಪದ ಆನುವಂಶಿಕ ಕಾಯಿಲೆಯಿಂದ. ನಾಚ್3 ಎಂಬ ಒಂದೇ ಜೀನಿನ ದೋಷದಿಂದ ಸಣ್ಣ ನಾಳಗಳ ಸ್ನಾಯುಕೋಶಗಳು ಸಾಯುವ ಕಾಯಿಲೆ ಇದು. ಆ ಜೀನನ್ನು ಫ್ರಾನ್ಸಿನ ಸಂಶೋಧಕರು 1996ರಲ್ಲಿ ಗುರುತಿಸಿದರು. ಈ ಕುಟುಂಬಗಳಲ್ಲಿ ಬಿಪಿಯಾಗಲಿ ಮುಪ್ಪಾಗಲಿ ಇಲ್ಲದವರಿಗೂ ಮೊದಲು ಮೈಗ್ರೇನ್, ನಲವತ್ತು ಐವತ್ತರ ವಯಸ್ಸಿಗೆ ಸಣ್ಣ ಪಾರ್ಶ್ವವಾಯುಗಳು, ಕೊನೆಗೆ ನಿಧಾನ ಬುದ್ಧಿ, ಗಿಡ್ಡ ಹೆಜ್ಜೆ ಎಲ್ಲ ಅದೇ ಕ್ರಮದಲ್ಲಿ ಬರುತ್ತವೆ. ಹತ್ತಿರದ ಸಂಬಂಧಿಕರಲ್ಲಿ ಹಲವರಿಗೆ ಚಿಕ್ಕ ವಯಸ್ಸಿನಲ್ಲೇ ಪಾರ್ಶ್ವವಾಯು ಆಗಿದ್ದರೆ ಅದನ್ನು ನರವೈದ್ಯರಿಗೆ ತಪ್ಪದೆ ಹೇಳಿ.

ಆದರೆ ನಮ್ಮ ನಡುವೆ ಹೆಚ್ಚಾಗಿರುವುದು ರಕ್ತದೊತ್ತಡದಿಂದ ಬರುವ ಬಗೆ. ದೇಶದಾದ್ಯಂತ 1,13,043 ಜನರನ್ನು ಪರೀಕ್ಷಿಸಿ, 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ 20 ವರ್ಷ ಮೇಲ್ಪಟ್ಟ ಭಾರತೀಯರಲ್ಲಿ ಶೇ. 35.5ರಷ್ಟು ಜನರಿಗೆ ಅಧಿಕ ರಕ್ತದೊತ್ತಡವಿದೆ, ಶೇ. 11.4ರಷ್ಟು ಜನರಿಗೆ ಸಕ್ಕರೆ ಕಾಯಿಲೆಯಿದೆ. ಬಿಪಿ ಇರುವವರಲ್ಲಿ ಬಹಳ ಮಂದಿಗೆ ಅದು ಗೊತ್ತೇ ಇಲ್ಲ, ಗೊತ್ತಿರುವವರಲ್ಲಿ ಹಲವರು ‘ಈಗ ನಾರ್ಮಲ್ ಬಂತು’ ಎಂದು ಮಾತ್ರೆ ನಿಲ್ಲಿಸುತ್ತಾರೆ. ನಾರ್ಮಲ್ ಬಂದದ್ದು ಮಾತ್ರೆಯ ಕಾರಣದಿಂದ ಎಂಬುದನ್ನು ನಾನು ದಿನವೂ ಹೇಳುತ್ತಿರುತ್ತೇನೆ.

ಒತ್ತಡ ಇಳಿಸಿದರೆ ಮಿದುಳಿಗೆ ನಿಜವಾಗಿ ಲಾಭವಿದೆಯೇ? ಅಮೆರಿಕದ ಸ್ಪ್ರಿಂಟ್ ಅಧ್ಯಯನದಲ್ಲಿ 9,361 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನಲ್ಲಿ ಮೇಲಿನ ಒತ್ತಡವನ್ನು 140ಕ್ಕಿಂತ ಕೆಳಗೂ ಇನ್ನೊಂದರಲ್ಲಿ 120ಕ್ಕಿಂತ ಕೆಳಗೂ ತರಲು ಪ್ರಯತ್ನಿಸಲಾಯಿತು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎರಡನೆಯ ಗುಂಪಿನಲ್ಲಿ ಆರಂಭಿಕ ಹಂತದ ಬುದ್ಧಿಶಕ್ತಿಯ ಕುಸಿತ ಶೇ. 19ರಷ್ಟು ಕಡಿಮೆಯಾಗಿತ್ತು, ಎಂಆರ್‌ಐಯಲ್ಲಿ ಬಿಳಿ ಮಚ್ಚೆಗಳು ಬೆಳೆದದ್ದೂ ಕಡಿಮೆ. ಪೂರ್ಣ ಪ್ರಮಾಣದ ಮರೆವಿನ ಕಾಯಿಲೆಯಲ್ಲಿ ಕಂಡ ಇಳಿಕೆ ಮಾತ್ರ ಖಚಿತವಾಗಿ ಹೇಳುವಷ್ಟಿರಲಿಲ್ಲ. ಸಣ್ಣ ನಾಳದ ಪಾರ್ಶ್ವವಾಯು ಆಗಿಯೇ ಇದ್ದ 3,020 ಜನರ ಮೇಲೆ ನಡೆದ ಎಸ್‌ಪಿಎಸ್3 ಅಧ್ಯಯನದಲ್ಲಿ, ಒತ್ತಡವನ್ನು 130ಕ್ಕಿಂತ ಕೆಳಗಿಡುವ ಗುರಿಯಿದ್ದ ಗುಂಪಿನಲ್ಲಿ ಮಿದುಳಿನ ರಕ್ತಸ್ರಾವ ಅರ್ಧಕ್ಕಿಂತಲೂ ಕಡಿಮೆಯಾಯಿತು. ಆದರೆ ನಿಂತ ಕೂಡಲೇ ಕಣ್ಣು ಕತ್ತಲೆ ಬರುವ, ಬೀಳುವ ಭಯವಿರುವ ಎಂಬತ್ತರ ಹಿರಿಯರಿಗೆ 120ರ ಗುರಿಯನ್ನು ಹಟದಿಂದ ಹೇರುವುದು ತಪ್ಪು. ಗಡುಸಾದ ನಾಳಗಳಿಗೆ ದಿಢೀರ್ ಇಳಿಕೆಯೂ ಹಾನಿಕರ. ಗುರಿ ಎಷ್ಟೆಂಬುದನ್ನು ಅವರವರ ವೈದ್ಯರೇ, ಮಲಗಿದಾಗ ಮತ್ತು ನಿಂತಾಗ ಎರಡೂ ಬಾರಿ ಅಳೆದು ನಿರ್ಧರಿಸಬೇಕು.

ಅಳೆಯುವ ಕ್ರಮವೂ ಮುಖ್ಯ. ಮನೆಯಲ್ಲಿ ತೋಳಿಗೆ ಕಟ್ಟುವ ಯಂತ್ರವಿದ್ದರೆ, ಕಾಫಿ ಕುಡಿದ ಅರ್ಧ ಗಂಟೆಯೊಳಗೆ ಅಳೆಯಬೇಡಿ. ಮೂತ್ರಕ್ಕೆ ಹೋಗಿಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ತೋಳನ್ನು ಎದೆಯ ಮಟ್ಟಕ್ಕೆ ಬರುವಂತೆ ಮೇಜಿನ ಮೇಲಿಟ್ಟು, ಮಾತಾಡದೆ, ಒಂದೆರಡು ನಿಮಿಷದ ಅಂತರದಲ್ಲಿ ಎರಡು ಬಾರಿ ಅಳೆದು ಎರಡನ್ನೂ ಬರೆದಿಡಿ. ಮನೆಯ ಅಳತೆಯ ಸರಾಸರಿ 135/85 ದಾಟಿದರೆ ಅದು ಅಧಿಕವೇ. ಯಂತ್ರವಿಲ್ಲದವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಣವಿಲ್ಲದೆ ಅಳೆಸಿಕೊಳ್ಳಬಹುದು. ಇದನ್ನು ಅರವತ್ತರಲ್ಲಿ ಶುರು ಮಾಡುವುದಕ್ಕಿಂತ ನಲವತ್ತರಲ್ಲಿ ಶುರು ಮಾಡುವುದು ಹೆಚ್ಚು ಫಲಕಾರಿ, ಏಕೆಂದರೆ ನಾಳಗಳು ಕೆಡುವುದು ನಡುವಯಸ್ಸಿನ ವರ್ಷಗಳಲ್ಲೇ. ಹೀಗಾಗಿ ಇಂದು ಅಪ್ಪ ಅಮ್ಮಂದಿರನ್ನು ಕರೆತಂದಿರುವ ಮಕ್ಕಳಿಗೇ ನನ್ನ ಈ ಮಾತು ಹೆಚ್ಚು ಅನ್ವಯಿಸುತ್ತದೆ.

ಉಪ್ಪಿನ ವಿಷಯ ಎಲ್ಲರಿಗೂ ಗೊತ್ತಿದ್ದರೂ ಯಾರೂ ಲೆಕ್ಕ ಹಾಕುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚದಷ್ಟು, ಅದೂ ಸಾರು, ಪಲ್ಯ, ಚಟ್ನಿಪುಡಿ, ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿ ಎಲ್ಲವೂ ಸೇರಿ. ಮಜ್ಜಿಗೆಗೆ ಹಾಕುವ ಉಪ್ಪನ್ನೂ ಊಟದ ಕೊನೆಯ ಉಪ್ಪಿನಕಾಯಿಯನ್ನೂ ಬಿಡುವುದರಿಂದ ಶುರು ಮಾಡಬಹುದು. ಬೀಡಿ, ಸಿಗರೇಟು, ಸಕ್ಕರೆ ಕಾಯಿಲೆ, ಗೊರಕೆಯೊಂದಿಗೆ ಉಸಿರು ಕಟ್ಟುವ ನಿದ್ರೆ ಇವೂ ಸಣ್ಣ ನಾಳಗಳ ಶತ್ರುಗಳು. ದಿನದ ನಡಿಗೆ ಅವುಗಳಿಗೆ ಹಿತ.

ಇಂಥ ಸಭೆಗಳಲ್ಲಿ ತಪ್ಪದೆ ಬರುವ ಪ್ರಶ್ನೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ನಿನದು. ಪಾರ್ಶ್ವವಾಯು ಆಗಿದ್ದವರಿಗೆ ಅದು ಬೇಕು. ಯಾವ ಲಕ್ಷಣವೂ ಇಲ್ಲದೆ ಸ್ಕ್ಯಾನಿನಲ್ಲಿ ಬರೀ ಮಚ್ಚೆ ಕಂಡವರಿಗೆ ಅದನ್ನು ಕೊಡಬಾರದೆಂದು ಯುರೋಪಿನ ಪಾರ್ಶ್ವವಾಯು ತಜ್ಞರ ಸಂಘ 2021ರಲ್ಲಿ ಸ್ಪಷ್ಟವಾಗಿ ಹೇಳಿದೆ. ಈ ನಾಳಗಳು ಮುಚ್ಚುವಂತೆಯೇ ಒಡೆಯಲೂ ಬಲ್ಲವು ಎಂಬುದನ್ನು ನೆನಪಿಟ್ಟರೆ ಇದರ ಕಾರಣ ತಿಳಿಯುತ್ತದೆ. ಎಸ್‌ಪಿಎಸ್3 ಅಧ್ಯಯನದಲ್ಲಿ ಆಸ್ಪಿರಿನ್ ಜೊತೆಗೆ ಅದೇ ಬಗೆಯ ಕ್ಲೊಪಿಡೊಗ್ರೆಲ್ ಮಾತ್ರೆಯನ್ನೂ ದೀರ್ಘಕಾಲ ಕೊಟ್ಟಾಗ ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ರಕ್ತಸ್ರಾವವೂ ಸಾವುಗಳೂ ಹೆಚ್ಚಾದವು. ಪಾರ್ಶ್ವವಾಯು ಆದ ಮೊದಲ ಕೆಲವು ವಾರ ವೈದ್ಯರು ಎರಡನ್ನೂ ಬರೆದುಕೊಟ್ಟಿದ್ದರೆ ಅದು ಬೇರೆ ಮಾತು. ಆದರೆ ಆ ಹಳೆಯ ಚೀಟಿಯನ್ನೇ ಅಂಗಡಿಯಲ್ಲಿ ತೋರಿಸಿ ವರ್ಷಗಟ್ಟಲೆ ಎರಡೂ ಮಾತ್ರೆ ನುಂಗುತ್ತಿರುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ನಾಳದ ಒಳಪದರವನ್ನೇ ಸುಧಾರಿಸುವ ಔಷಧಿಗಳ ಹುಡುಕಾಟ ನಡೆದಿದೆ. ಬ್ರಿಟನ್ನಿನಲ್ಲಿ 363 ಜನರ ಮೇಲೆ ನಡೆದ ಲಾಸಿ-2 ಪ್ರಯೋಗ, ಹಳೆಯ ಎರಡು ಮಾತ್ರೆಗಳಾದ ಐಸೋಸಾರ್ಬೈಡ್ ಮಾನೊನೈಟ್ರೇಟ್ ಮತ್ತು ಸಿಲೋಸ್ಟಜಾಲ್‌ಗಳಿಂದ ಪ್ರಯೋಜನವಿರಬಹುದೆಂಬ ಸೂಚನೆಯನ್ನು 2023ರಲ್ಲಿ ಕೊಟ್ಟಿತು. ಆದರೆ ಅದು ದೊಡ್ಡ ಪ್ರಯೋಗಕ್ಕೆ ದಾರಿ ಮಾಡುವ ಚಿಕ್ಕ ಪ್ರಯೋಗ. ಅದನ್ನು ನಂಬಿ ಇಂದೇ ಮಾತ್ರೆ ಕೇಳುವ ಕಾಲ ಬಂದಿಲ್ಲ.

ನಮ್ಮ ರಾಜ್ಯದಲ್ಲಿಯೂ ಕೆಲಸ ನಡೆದಿದೆ ಎಂಬುದನ್ನು ಸಂತೋಷದಿಂದ ಹೇಳುತ್ತೇನೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ಮೇಲ್ಪಟ್ಟವರನ್ನು ವರ್ಷಗಟ್ಟಲೆ ಹಿಂಬಾಲಿಸಿ, ಅವರ ಆರೋಗ್ಯ, ನೆನಪು, ಮಿದುಳಿನ ಸ್ಕ್ಯಾನ್ ಎಲ್ಲವನ್ನೂ ದಾಖಲಿಸುತ್ತಿದೆ. ನಿಮ್ಹಾನ್ಸ್ ಸೇರಿದಂತೆ ಹಲವು ಸಂಸ್ಥೆಗಳ ಸಹಯೋಗದಲ್ಲಿ ಐಸಿಎಂಆರ್ ರೂಪಿಸಿದ ಬುದ್ಧಿಶಕ್ತಿಯ ಪರೀಕ್ಷೆಗಳ ಗುಚ್ಛ ಸಿದ್ಧವಾದ ಐದು ಭಾಷೆಗಳಲ್ಲಿ ಕನ್ನಡವೂ ಒಂದು. ಇದು ಸಣ್ಣ ವಿಷಯವಲ್ಲ. ಶಾಲೆಗೇ ಹೋಗದ ಅಜ್ಜಿಯ ಮುಂದೆ ಪರದೇಶದ ಪ್ರಾಣಿಗಳ ಚಿತ್ರ ಹಿಡಿದು, ಹೆಸರು ಹೇಳಲಿಲ್ಲವೆಂದು ಅವರಿಗೆ ಮರೆವಿನ ಕಾಯಿಲೆಯ ಹಣೆಪಟ್ಟಿ ಕಟ್ಟುವ ಅನ್ಯಾಯ ಇಂಥ ಕೆಲಸದಿಂದ ತಪ್ಪುತ್ತದೆ.

ಕಾಯಿಲೆ ಆಗಲೇ ಮುಂದುವರಿದಿರುವ ಮನೆಗಳಿಗೆ ಕೆಲವು ಮಾತುಗಳು. ಇಂಥವರಿಗೆ ಒಂದು ಸಲಕ್ಕೆ ಒಂದೇ ಮಾತು ಹೇಳಿ. ‘ಸ್ನಾನ ಮಾಡಿ, ಮಾತ್ರೆ ತಗೊಂಡು, ತಿಂಡಿಗೆ ಬನ್ನಿ’ ಎಂದರೆ ಮೂರೂ ತಪ್ಪಿಹೋಗುತ್ತವೆ. ‘ಸ್ನಾನಕ್ಕೆ ನೀರು ಕಾದಿದೆ’ ಎಂದು ಹೇಳಿ ಕಾಯಿರಿ. ಉತ್ತರ ಬರಲು ಹೊತ್ತಾದರೆ ಆ ಮೌನವನ್ನು ನೀವೇ ತುಂಬಿಬಿಡಬೇಡಿ, ಉತ್ತರ ಬರುತ್ತಿರುತ್ತದೆ. ನಡೆಯುವಾಗ ಮಾತಾಡಿಸಬೇಡಿ, ಎರಡು ಕೆಲಸ ಒಟ್ಟಿಗೆ ಬಂದಾಗಲೇ ಅವರು ಹೆಚ್ಚಾಗಿ ಬೀಳುವುದು. ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿ ಒಂದು ದೀಪ ಉರಿಯಲಿ, ದಾರಿಯಲ್ಲಿನ ಕಾಲೊರಸು ಎತ್ತಿಬಿಡಿ, ಗೋಡೆಗೆ ಹಿಡಿಕೆ ಹಾಕಿಸಿ. ವಾರದ ಮಾತ್ರೆಗಳನ್ನು ದಿನದಿನಕ್ಕೆ ಬೇರೆ ಮಾಡಿಡುವ ಡಬ್ಬಿ ತನ್ನಿ. ತಾವಾಗಿ ಏನನ್ನೂ ಶುರು ಮಾಡದ ಮೇಷ್ಟ್ರಂಥವರು, ಜೊತೆಗೊಬ್ಬರು ಕೂತು ಪೇಪರಿನ ಮೊದಲ ಸುದ್ದಿಯನ್ನು ಗಟ್ಟಿಯಾಗಿ ಓದಿದರೆ ಎರಡನೆಯದನ್ನು ತಾವೇ ಓದುವುದುಂಟು. ಆ ಮಗಳಿಗೂ ನಾನು ಹೇಳಿದ್ದು ಇದನ್ನೇ: ಅವರಿಂದ ತಪ್ಪಿಹೋಗಿರುವುದು ಕೆಲಸವನ್ನು ಆರಂಭಿಸುವ ಶಕ್ತಿ, ಅದನ್ನು ಸ್ವಲ್ಪ ಮಟ್ಟಿಗೆ ನಾವು ಹೊರಗಿನಿಂದ ಕೊಡಬಹುದು.